ಎಳೆ ನೋಡಿ ತಂದ ಮರದ ಕತ್ತಿ

ಅನಂತರಾಮು ಎಡಗಣ್ಣು ಮುಚ್ಚಿ, ಮರದ ಕತ್ತಿಯ ಹಿಡಿಯನ್ನು ಬಲಗಣ್ಣಿನ ಹತ್ತಿರ ತಂದು, ಅದರ ತುದಿಯನ್ನು ಅಂಗಡಿಯ ಬಾಗಿಲ ಕಡೆ ಚಾಚಿ ನೋಡಿದರು. ಆಗಷ್ಟೇ ಒಳಗೆ ಕಾಲಿಟ್ಟ ಹೆಂಗಸೊಬ್ಬರು ಬೆಚ್ಚಿ ಪಕ್ಕಕ್ಕೆ ಸರಿದರು.

"ಸಾರಿ ಮೇಡಂ, ಸೊಟ್ಟ ಇದೆಯಾ ಅಂತ ನೋಡ್ತಿದ್ದೆ," ಎಂದರು.

ಸೊಟ್ಟ ಇತ್ತು. ಅದನ್ನು ಗಾಜಿನ ಮೇಜಿನ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಜಯನಗರ ನಾಲ್ಕನೇ ಬ್ಲಾಕಿನ ಆ ಆಟದ ಸಾಮಾನಿನ ಅಂಗಡಿಯಲ್ಲಿ, ಕೇರಂ ಬೋರ್ಡುಗಳ ಪಕ್ಕ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮರದ ಕತ್ತಿಗಳನ್ನು ಕೊಡೆಗಳ ಹಾಗೆ ನಿಲ್ಲಿಸಿದ್ದರು. ಐಕಿಡೊ ಎಂಬ ಜಪಾನೀ ವಿದ್ಯೆ ಕಲಿಯುವವರು ಅಭ್ಯಾಸಕ್ಕೆ ಬಳಸುವ ಅಗ್ಗದ ಕತ್ತಿಗಳು ಅವು. ಅಂಗಡಿಯ ತಿರುಮಲೇಶ ಈ ಗಿರಾಕಿಯನ್ನು ಸ್ವಲ್ಪ ಹೊತ್ತು ತಮಾಷೆಯಾಗಿಯೇ ನೋಡಿದ.

"ಮೊಮ್ಮಗನಿಗಾ ಸಾರ್?"

"ಮಗಳಿಗೆ."

"ಹಂಗಾದ್ರೆ ಈ ಕರೀದು ತಗೊಳ್ಳಿ. ಡ್ರ್ಯಾಗನ್ ಇದೆ ನೋಡಿ, ಫುಲ್ ಪಾಲಿಶ್. ಸಖತ್ತಾಗಿದೆ."

"ಪಾಲಿಶ್ ಬೇಡಪ್ಪ. ಕೈ ಬೆವರಿದ್ರೆ ಅಂಟತ್ತೆ, ಬೊಬ್ಬೆ ಬರತ್ತೆ. ಬಣ್ಣದ ಒಳಗೆ ಗಂಟಿದ್ರೂ ಕಾಣಲ್ಲ."

"ನೀವೂ ಕ್ಲಾಸಿಗೆ ಹೋಗ್ತೀರಾ ಸಾರ್?"

"ಇಲ್ಲಪ್ಪ. ಮಗಳು ಹೇಳ್ಕೊಟ್ಟಿದ್ದು."

ಹೇಳಿಕೊಟ್ಟಿದ್ದು ಇದೇ ಅಂಗಡಿಯಲ್ಲಿ. ಆಗ ಇಂಚರ ಕಾಲೇಜಿನಲ್ಲಿದ್ದಳು. ಮೊದಲ ಕತ್ತಿ ಕೊಳ್ಳಲು ಅಪ್ಪನನ್ನು ಎಳೆದುಕೊಂಡು ಬಂದು, ಒಂದೊಂದನ್ನೂ ಕಣ್ಣಿಗೆ ಹಿಡಿದು, ಒಂದೊಂದಕ್ಕೂ ಒಂದು ಕೊಂಕು ತೆಗೆದಿದ್ದಳು. "ಮರದ ಎಳೆ ನೋಡಪ್ಪ, ಹಿಡಿಯಿಂದ ತುದಿವರೆಗೂ ಓಡಬೇಕು. ಮಧ್ಯದಲ್ಲೇ ಅಂಚಿಗೆ ಜಾರಿದ್ರೆ ಒಂದಿನ ಅಲ್ಲೇ ಮುರಿಯತ್ತೆ." ಕೊನೆಗೆ ಆರಿಸಿದ್ದನ್ನು ಅನಂತರಾಮು ಸೌಟು ಕೊಟ್ಟಂತೆ ಒಂದು ಕೈಯಲ್ಲಿ ಕೊಡಹೋದಾಗ ಅದಕ್ಕೂ ಪಾಠವಾಗಿತ್ತು. ಅಲಗು ಕೊಡುವವರ ಕಡೆ ಇರಬೇಕು, ಎರಡೂ ಕೈಯಲ್ಲಿ ಕೊಡಬೇಕು, ತಲೆ ಬಗ್ಗಿಸಬೇಕು. "ಇದೇನೇ, ಧಾರೆ ಎರೆದು ಕೊಟ್ಟ ಹಾಗಾಯ್ತಲ್ಲ," ಎಂದಿದ್ದರು. ಅವಳು ಅಂಗಡಿಯೆಲ್ಲ ತಿರುಗಿ ನೋಡುವ ಹಾಗೆ ನಕ್ಕಿದ್ದಳು.

ಕಳೆದ ವರ್ಷ ಇಂಚರ ಮೊದಲು ಐಕಿಡೊ ಬಿಟ್ಟಳು, ಆಮೇಲೆ ಕೆಲಸ ಬಿಟ್ಟಳು, ಆಮೇಲೆ ಮಾತು. ಗಿರಿನಗರದ ಮನೆಯ ನಡುಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೆ ಎದ್ದರೆ ಅದೇ ದೊಡ್ಡದು. ಡಾಕ್ಟರು ಡಿಪ್ರೆಶನ್ ಎಂದರು, ಮಾತ್ರೆ ಕೊಟ್ಟರು, ಕಾಯಬೇಕು ಎಂದರು. ಅಪ್ಪ ಅಮ್ಮ ಕಾದರು. ಕಾಯುವುದು ಬಿಟ್ಟು ಅವರಿಗೂ ಬೇರೇನು ಗೊತ್ತಿತ್ತು?

ಈ ನಡುವೆ ಒಂದು ಎಡವಟ್ಟಾಯಿತು. ಇಂಚರಳ ಅಮ್ಮ ಚೂಡಾಮಣಿ ಮಡಿಯ ಹೆಂಗಸು. ಬೆಳಿಗ್ಗೆ ಮಿಂದು, ಒಗೆದ ಮಡಿಸೀರೆಯನ್ನು ಹಿಂದಿನ ವರಾಂಡದಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಎತ್ತಿ ಹಾಕುವವರು. ಆ ಮಡಿಕೋಲಿಗೆ ಗೆದ್ದಲು ಹಿಡಿದಾಗ, ಬಾಗಿಲ ಹಿಂದೆ ಧೂಳು ತಿನ್ನುತ್ತಿದ್ದ ಮಗಳ ಕತ್ತಿ ಕಣ್ಣಿಗೆ ಬಿತ್ತು. ಅದರ ಸಣ್ಣ ಬಾಗು ಸೀರೆ ಎತ್ತುವುದಕ್ಕೆಂದೇ ಹೇಳಿ ಮಾಡಿಸಿದ ಹಾಗಿತ್ತು. ತೊಳೆದರು, ಮಡಿ ಮಾಡಿಕೊಂಡರು. ಮಗಳೇನೂ ಕೇಳಲಿಲ್ಲ.

ಹೋದ ವಾರ ಒಂದು ಬೆಳಿಗ್ಗೆ ಇಂಚರ ತಾನಾಗಿ ಎದ್ದು ವರಾಂಡಕ್ಕೆ ಬಂದಳು. ಗೋಡೆಗೆ ಒರಗಿದ್ದ ಕತ್ತಿಯನ್ನು ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಕೈ ಚಾಚಿದಳು.

"ಮುಟ್ಬೇಡ್ವೇ! ಮಡೀದು!"

ಕೂಗಿದ್ದು ಚೂಡಾಮಣಿಯಲ್ಲ, ಅವರ ನಲವತ್ತು ವರ್ಷದ ಅಭ್ಯಾಸ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಿಸಿ ತಾಗಿದವಳಂತೆ ಇಂಚರ ಕೈ ಹಿಂದಕ್ಕೆಳೆದುಕೊಂಡು ಕೋಣೆಗೆ ನಡೆದಳು. ಚೂಡಾಮಣಿ ಸೀರೆಯನ್ನು ನೆಲಕ್ಕೆ ಬಿಟ್ಟು, ಮಡಿಯನ್ನೂ ಮರೆತು, ಕತ್ತಿ ಹಿಡಿದು ಮಗಳ ಹಿಂದೆ ಓಡಿದರು. "ತಗೋ ಮಗು, ಬಾಯ್ತಪ್ಪಿ ಬಂತು ಕಣೇ, ನಿಂದೇ ಇದು, ತಗೋ."

"ಅದು ನಿಂದಮ್ಮ. ಇರ್ಲಿ," ಎಂದು ಇಂಚರ ಹೊದಿಕೆ ಎಳೆದುಕೊಂಡಳು. ಅವತ್ತು ಆ ಮನೆಯಲ್ಲಿ ಒಲೆ ಹತ್ತಲಿಲ್ಲ.

ಅದಕ್ಕೇ ಈ ಅಂಗಡಿ. ದುಬಾರಿಯ ಕತ್ತಿ ತಂದರೆ ಅಪ್ಪ ಕೈ ಮುಗಿದು ಬೇಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ, ಅದೊಂದು ಹೊರೆ ಬೇರೆ. ಅಗ್ಗದ್ದಾದರೆ, ಆ ಕಡೆ ಹೋಗಿದ್ದೆ, ಕಣ್ಣಿಗೆ ಬಿತ್ತು, ತಂದೆ ಎನ್ನಬಹುದು. ಅಗ್ಗದ್ದರಲ್ಲಿ ನೆಟ್ಟಗಿರುವುದು ಸಿಗಬೇಕಲ್ಲ! ಬಕೆಟ್ಟಿನಲ್ಲಿದ್ದದ್ದನ್ನೆಲ್ಲ ನೋಡಿದರು. ಒಂದಕ್ಕೆ ಗಂಟು, ಒಂದಕ್ಕೆ ಸೀಳು, ಒಂದು ತುದಿಭಾರ. ಕಡೆಗೆ ತಳದಲ್ಲಿ, ಮಾಸಲು ಬಣ್ಣದ, ಯಾರೂ ಕೈಗೆತ್ತಿಕೊಳ್ಳದಂಥ ಕತ್ತಿಯೊಂದು ಸಿಕ್ಕಿತು. ಎಳೆ ಹಿಡಿಯಿಂದ ತುದಿಯವರೆಗೂ ಓಡಿತ್ತು. ಅದನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಮನೆಗೆ ಬಂದು, ಚಪ್ಪಲಿ ಬಿಟ್ಟು, ನೇರ ಮಗಳ ಕೋಣೆಗೆ ಹೋದರು. ಚೂಡಾಮಣಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

"ಮಗು, ಫೋರ್ತ್ ಬ್ಲಾಕ್ ಕಡೆ ಹೋಗಿದ್ದೆ. ಕಣ್ಣಿಗೆ ಬಿತ್ತು. ಸುಮ್ನೆ ತಂದೆ."

ಅಲಗನ್ನು ತಮ್ಮ ಕಡೆ ಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿದರು. ಸುಮ್ಮನೆ ತಂದದ್ದನ್ನು ಯಾರೂ ಹಾಗೆ ಕೊಡುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಇಂಚರ ಎದ್ದು ಕೂತಳು. ಬಹಳ ಹೊತ್ತು ಅಪ್ಪನ ಬಗ್ಗಿದ ತಲೆಯನ್ನೇ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು, ಹಿಡಿಯನ್ನು ಕಣ್ಣಿಗೆ ತಂದು, ಉದ್ದಕ್ಕೂ ನೋಡಿದಳು.

"ಎಳೆ ಚೆನ್ನಾಗಿದೆ. ನೀನೇ ಆರಿಸಿದ್ಯಾ?"

"ಹೂಂ ಕಣೆ."

"ಚೆನ್ನಾಗಿ ಕಲ್ತಿದ್ದೀಯಪ್ಪ."

ಅವಳು ಎದ್ದು ನಿಂತಳು. ಬಾಗಿಲ ಕಡೆ ಹೆಜ್ಜೆ ಹಾಕಿದಳು. ಚೂಡಾಮಣಿ ಸೆರಗಿನಿಂದ ಬಾಯಿ ಒತ್ತಿ ಹಿಡಿದು, ದಾರಿ ಬಿಡಲು ಪಕ್ಕಕ್ಕೆ ಸರಿದರು.

ಇಂಚರ ಅಮ್ಮನ ಎದುರು ನಿಂತಳು. ಕತ್ತಿಯ ಅಲಗನ್ನು ತನ್ನ ಕಡೆ ತಿರುಗಿಸಿಕೊಂಡು, ಎರಡೂ ಕೈಯಲ್ಲಿ ಮುಂದೆ ಹಿಡಿದು, ತಲೆ ಬಗ್ಗಿಸಿದಳು.

"ತಗೋಮ್ಮ. ಹಳೇದಕ್ಕಿಂತ ಹಗುರ ಇದೆ. ಸೀರೆ ಎತ್ತೋವಾಗ ನಿಂಗೆ ಭುಜ ನೋಯಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೂಡಾಮಣಿ ಅಷ್ಟನ್ನೇ ಹಿಡಿದುಕೊಂಡು ಬದುಕುತ್ತಿದ್ದರು. ಅಮ್ಮನ ಭುಜನೋವು ಅವಳಿಗೆ ನಿಜವಾಗಿ ನೆನಪಿತ್ತು. ಚೂಡಾಮಣಿ ಎರಡೂ ಕೈ ಚಾಚಿ ತೆಗೆದುಕೊಂಡರು, ಬೇರೆ ದಾರಿ ಇರಲಿಲ್ಲ. ಇಂಚರ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಮಧ್ಯಾಹ್ನ ಅನಂತರಾಮು ಹಿಂದಿನ ವರಾಂಡಕ್ಕೆ ಹೋದರು. ಎರಡು ಕತ್ತಿಗಳೂ ಗೋಡೆಗೆ ಒರಗಿದ್ದವು. ಗಳುವಿನ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಒಗೆದ ಸೀರೆ ಹಿಂಡಿದ ಹಾಗೆಯೇ ಬಕೆಟ್ಟಿನಲ್ಲಿತ್ತು, ಅದರ ಅಡಿಯಲ್ಲಿ ನೀರು ಕೂತಿತ್ತು.