ಗದ್ದಲದಾಗ ಕೇಳಿಸ್ಲಿಲ್ರಿ

"ಎಲ್ಲಿ ಹೋಗ್ತಿ, ಬೋಸುಡಿ ಮಗನ? ಕೋರ್ಟಿನಾಗ ನಿನಗ ಜಾಮೀನು ನಿಂತಾವ ನಾ! ನಿನ್ನ ಮುಚ್ಚಳಿಕಿ ಮ್ಯಾಲ ನನ್ನ ಸಹಿ ಐತಿ!"

ಮಾಲೀಕ ಭಾವುಸಾಹೇಬ ಸಾತಪ್ಪನ ಕಾಲರ್ ಹಿಡಿದಿದ್ದ. ಮರಾಠಿ ಸೀಮೆಯ ಕಬನೂರಿನ ಆ ಶೆಡ್ಡಿನಲ್ಲಿ ನಲವತ್ತು ವಿದ್ಯುತ್ ಮಗ್ಗ ಒಟ್ಟಿಗೆ ಓಡುತ್ತವೆ. ಅಲ್ಲಿ ಮಾತು ಕಿವಿಗೆ ಬೀಳುವುದಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳುತ್ತೇವೆ. ಪಕ್ಕದ ಮಗ್ಗದಲ್ಲಿದ್ದ ನಾನು ಇಬ್ಬರ ತುಟಿಯನ್ನೂ ನೋಡಿದೆ.

"ಆರು ಮಗ್ಗ ನೋಡ್ತಿದ್ದೆ, ಈಗ ಹತ್ತು ಅಂತೀರಿ. ಆಗೂದಿಲ್ರಿ ಶೇಟ. ಯಡ್ರಾವಕ್ಕ ಹೊಂಟೇನಿ, ಧನರಾಜನ ಶೆಡ್ಡಿಗೆ. ಕೋರ್ಟಿಗೆ ನೀವಽ ತಿಳಸ್ರಿ," ಎಂದ ಸಾತಪ್ಪ.

ಭಾವುಸಾಹೇಬ ಕಾಲರ್ ಬಿಟ್ಟು ನಕ್ಕ. "ತಿಳಸ್ತೇನಿ, ಹೋಗು."

ಹಿಂದಿನ ವರ್ಷ ಸಾತಪ್ಪ ತನ್ನ ಹೆಂಡತಿ ಹೌಸಾಬಾಯಿಯ ಸೀರೆಗೆ ಕೈ ಹಾಕಿದ ಮುಕಾದಮನ, ಅಂದರೆ ಮೇಸ್ತ್ರಿಯ, ತಲೆ ಒಡೆದಿದ್ದ. ಮೊದಲ ತಪ್ಪೆಂದು ಕೋರ್ಟು ಜೈಲಿಗೆ ಕಳಿಸದೆ, ಎರಡು ವರ್ಷದ ಸನ್ನಡತೆಗೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತ್ತು. ತಿಳಿಸದೆ ವಿಳಾಸ ಬದಲಿಸಬಾರದು ಎಂಬುದು ಷರತ್ತು. ನಾವು ಮಲಗುವುದೂ ಶೆಡ್ಡಿನಲ್ಲೇ. ಮಾಲೀಕನನ್ನು ಬಿಟ್ಟರೆ ವಿಳಾಸವೂ ಹೋಯಿತು.

ತಿಂಗಳೊಳಗೆ ಪೊಲೀಸರು ಸಾತಪ್ಪನನ್ನು ಯಡ್ರಾವದಿಂದ ಎಳೆತಂದರು. ಪರಾರಿಯಾಗಿದ್ದಾನೆ ಎಂದು ಭಾವುಸಾಹೇಬನೇ ಅರ್ಜಿ ಕೊಟ್ಟಿದ್ದ.

ಕೋರ್ಟಿನ ಮೆಟ್ಟಿಲ ಮೇಲೆ ಅವನಿಗೆ ಧೈರ್ಯ ಹೇಳಿದವನು ನಾನು. ಸಂಜೆ ಶಾಲೆಗೆ ಹೋಗಿದ್ದೇನೆಂದು ಎಲ್ಲರೂ ಕಾಗದ ಓದಿಸುವುದು ನನ್ನಿಂದಲೇ.

"ಮೊದಲ್ನೇ ಸಲ ಷರತ್ತು ಮುರದ್ರ ಐವತ್ತು ರೂಪಾಯಿ ದಂಡಾ ಹಾಕಿ ಬಿಡಬಹುದಂತ. ಇಲ್ಲಾ, ಹಳೇ ತಪ್ಪಿಗೇ ಜೈಲು. ಯಾವ್ದು ಅನ್ನೂದು ಜಡ್ಜರ ಕೈಯಾಗೈತಿ."

"ಹಂಗಾರ ಖರೇ ಹೇಳಿದ್ರ ಮುಗೀತಲ್ಲೋ. ಸಾಕ್ಷಿಗೆ ನೀ ಅದಿಯಲ್ಲ," ಎಂದ ಸಾತಪ್ಪ.

ಒಳಗೆ ಭಾವುಸಾಹೇಬ ಕೈಮುಗಿದು ಮರಾಠಿಯಲ್ಲಿ ಹೇಳಿದ: ಮಗನ ಹಾಗೆ ನೋಡಿಕೊಂಡೆ, ಒಂದು ಮಾತೂ ಹೇಳದೆ ಓಡಿಹೋದ.

"ಸುಳ್ಳ್ರಿ! ಹೇಳೇ ಹೋಗೇನಿ. ಈ ಸಿದ್ಧಲಿಂಗನ್ನ ಕೇಳ್ರಿ!"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ತೂ ಐಕಲಂಸ ಕಾ?" ಕೇಳಿಸಿಕೊಂಡೆಯಾ ಎಂದು.

ಭಾವುಸಾಹೇಬನೂ ನನ್ನನ್ನೇ ನೋಡುತ್ತಿದ್ದ. ನನ್ನ ಹಾಸಿಗೆ, ಟ್ರಂಕು ಅವನ ಶೆಡ್ಡಿನಲ್ಲಿದ್ದವು. ಸುಳ್ಳು ಮಾತ್ರ ಹೇಳಬಾರದು ಎಂದುಕೊಂಡೆ. ನೋಡಿದ್ದು ನಿಜ, ಕಿವಿಯಿಂದ ಕೇಳಿರಲಿಲ್ಲವಲ್ಲ.

"ಗದ್ದಲದಾಗ ಕೇಳಿಸ್ಲಿಲ್ರಿ."

ಸಾತಪ್ಪ ನನ್ನ ಕಡೆ ತಿರುಗಲೇ ಇಲ್ಲ. ಕನಿಕರ ಒಮ್ಮೆ ತೋರಿಸಿಯಾಗಿದೆ, ಎಂದರು ನ್ಯಾಯಾಧೀಶರು. ಆರು ತಿಂಗಳು ಜೈಲು.

ಮರುದಿನ ಬೆಳಿಗ್ಗೆ ಹತ್ತು ಮಗ್ಗ ನನ್ನ ಪಾಲಿಗೆ ಬಂದವು. ಭಾವುಸಾಹೇಬ ಬೆನ್ನು ತಟ್ಟಿ ಹೋದ. ಒಂದು ತಾಸಿನ ಮೇಲೆ ಹೌಸಾಬಾಯಿ ಬಂದಳು. ಯಾರನ್ನೂ ನೋಡದೆ ನೇರ ಗೋಡೆಗೆ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ನಲವತ್ತೂ ಮಗ್ಗ ನಿಂತವು.

"ಈಗ ಗದ್ದಲಿಲ್ಲ. ಎಲ್ಲಾರ ಮುಂದ ಹೇಳೋ ಸಿದ್ಯಾ, ನನ್ನ ಗಂಡ ಏನಂದಿದ್ದ?"

"ಏ ರಂಡೀ, ಲೈನ್ ಹಚ್ಚ!" ಭಾವುಸಾಹೇಬ ಓಡಿಬಂದು ಅವಳ ಕೂದಲು ಹಿಡಿದ. ತಲೆ ಹಿಂದಕ್ಕೆ ಬಾಗಿತು. ಸ್ವಿಚ್ಚಿನ ಮೇಲಿನ ಕೈ ಕದಲಲಿಲ್ಲ.

ನೇಕಾರರು ಮಗ್ಗ ಬಿಟ್ಟು ನನ್ನ ಸುತ್ತ ಬಂದು ನಿಂತರು. ಎಲ್ಲರ ಕಣ್ಣೂ ನನ್ನ ತುಟಿಯ ಮೇಲಿತ್ತು.

"ಹೇಳೋ," ಎಂದಳು ಹೌಸಾಬಾಯಿ, ಈ ಸಲ ಮೆಲ್ಲಗೆ.