ಕೈಯ ಸುದ್ದಿ

ಅಕ್ಕನ ಹೊಲಿಗೆ ಮೆಷಿನ್ನನ್ನು ತಮ್ಮ ಗೋಡೆಯತ್ತ ತಳ್ಳುತ್ತಿದ್ದ. ಅದರ ಕಬ್ಬಿಣದ ಕಾಲು ನೆಲಕ್ಕೆ ಕಚ್ಚಿಕೊಂಡು ಕಿರ್ರೆಂದಿತು. ಎದೆನೋವಿನಿಂದ ಮೊನ್ನೆ ತೀರಿಹೋದ ಅಕ್ಕನನ್ನು ಬೆಳಿಗ್ಗೆ ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದ್ದರು. ಬಂದವರಿಗೆ ನಿಲ್ಲಲು ಜಾಗವಿರಲಿಲ್ಲ.

"ನಿಧಾನ," ಎಂದರು ಭಾವ. "ದಾರ ಪೋಣಿಸಿದ್ದು ಹಾಗೇ ಇದೆ."

"ವ್ಯಾನ್ ಎಷ್ಟು ಹೊತ್ತಿಗಂತೆ?"

"ಹನ್ನೊಂದಕ್ಕೆ. ಇನ್ನೂ ಹತ್ತೂ ಆಗಿಲ್ಲ. ಕೂತ್ಕೋ ಒಂದು ಕಡೆ."

ಅವನು ಕೂರಲಿಲ್ಲ. ಬಾಗಿಲಿಗೆ ಹೋದ, ಬೀದಿ ನೋಡಿದ, ವಾಪಸ್ ಬಂದ, ಯಾರದೋ ಚಪ್ಪಲಿ ಜೋಡಿಸಿಟ್ಟ. ಈ ಮನೆಯೊಳಗೆ ಕಾಲಿಟ್ಟು ಒಂಬತ್ತು ವರ್ಷವಾಗಿತ್ತು.

ಎದುರು ಮನೆಯ ಇಸ್ತ್ರಿಯವಳು ಮೂಗು ಒರೆಸಿಕೊಂಡಳು. "ಯಾವಾಗ್ಲೂ ಕೊರಳಲ್ಲಿ ಅಳತೆ ಟೇಪು, ಅದಕ್ಕೇ ಟೇಪಕ್ಕ ಅಂತಿದ್ವಿ. ಹೊಲಿಯೋವಾಗ ಎಷ್ಟು ಮಾತಾಡಿಸಿದ್ರೂ ತಲೆ ಎತ್ತುತ್ತಿರಲಿಲ್ಲ. ಎಂಥ ಜಂಬ ಇವಳಿಗೆ ಅಂದ್ಕೊಳ್ತಿದ್ದೆ."

"ಇತ್ತಲ್ಲ ಜಂಬ," ಎಂದ ತಮ್ಮ. "ನನ್ನ ಮಗಳನ್ನ ಎತ್ಕೊಳ್ಳದೆ ಇರೋವಷ್ಟು."

"ಇವತ್ತಾದ್ರೂ ಬಿಡಿ," ಹೆಂಡತಿ ಅವನ ತೋಳು ಹಿಡಿದಳು. ಪಕ್ಕದಲ್ಲಿದ್ದ ಮಗಳು ಇಬ್ಬರನ್ನೂ ನೋಡಿದಳು.

* * *

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು. ಒಂದೂವರೆ ತಿಂಗಳಾಗುತ್ತಲೇ ಅವನು ಅದನ್ನು ಮೊದಲು ತಂದದ್ದು ಅಕ್ಕನಲ್ಲಿಗೆ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

"ತಗೋ ಅಕ್ಕ," ಎಂದು ಮಗುವನ್ನು ಚಾಚಿದ.

ಅಕ್ಕ ಹಿಂದೆ ಸರಿದು ಗೋಡೆ ಹಿಡಿದಳು. "ಬೇಡ ಕಣೋ. ನನ್ನ ಕೈಗೆ ಕೊಡಬೇಡ. ಕರ್ಕೊಂಡು ಹೋಗು."

ಅವನು ನಿಂತ ಕಾಲಲ್ಲೇ ತಿರುಗಿದ. ಆಮೇಲೆ, ನಿಮ್ಮಕ್ಕ ಬೀದಿಯಲ್ಲಿ ತೂರಾಡ್ತಾರೆ, ಕುಡೀತಾರೇನೋ ಎಂದು ಯಾರೋ ಅಂದಾಗ ಅಲ್ಲವೆನ್ನಲಿಲ್ಲ.

* * *

"ಜಂಬ ಅಲ್ಲಪ್ಪ ಅದು," ಎಂದರು ಭಾವ. "ಅವಳ ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೆ. ತನ್ನ ಕೈ ಎಲ್ಲಿದೆ ಅಂತ ಅವಳಿಗೇ ಗೊತ್ತಾಗ್ತಿರಲಿಲ್ಲ."

* * *

ಕೂಸು ಹುಟ್ಟುವ ಕೆಲವು ತಿಂಗಳ ಮುಂಚೆ, ಕಣ್ಣು ಮುಚ್ಚಿ ಎರಡೂ ಕೈ ಚಾಚಲು ಡಾಕ್ಟರು ಅಕ್ಕನಿಗೆ ಹೇಳಿದ್ದರು. ಮುಚ್ಚಿದೊಡನೆ ಅವಳ ಬೆರಳುಗಳು ಗಾಳಿಯಲ್ಲಿ ಅಲೆದಾಡಿದವು. ಎಡಗೈ ಮೆಲ್ಲಗೆ ಕೆಳಗಿಳಿಯಿತು. ಅವಳಿಗೆ ತಿಳಿಯಲೇ ಇಲ್ಲ.

"ಬೆನ್ನುಹುರಿಯ ಎರಡೂ ಪಕ್ಕ ನರಕೋಶಗಳ ಸಣ್ಣ ಸಣ್ಣ ಗಂಟುಗಳಿವೆ," ಎಂದರು ಡಾಕ್ಟರು. "ಕೈಕಾಲಿನ ಸುದ್ದಿ ಮಿದುಳಿಗೆ ಹೋಗೋದು ಅವುಗಳ ಮೂಲಕ. ನಿಮ್ಮ ದೇಹವೇ ಅವುಗಳ ಮೇಲೆ ತಿರುಗಿಬಿದ್ದಿದೆ. ಸತ್ತ ಕೋಶ ಮತ್ತೆ ಹುಟ್ಟಲ್ಲ. ಉಳಿದದ್ದನ್ನ ಔಷಧಿಯಿಂದ ಉಳಿಸ್ಕೊಳ್ಳೋಕೆ ನೋಡೋಣ."

"ಕೈಯಲ್ಲಿ ಬಲ ಇದೆಯಲ್ಲ ಡಾಕ್ಟ್ರೇ?"

"ಬಲ ಇದೆ. ಸುದ್ದಿ ಇಲ್ಲ. ಕಣ್ಣಿಟ್ಟು ನೋಡ್ತಾ ಇದ್ರೆ ಕೆಲಸ ಮಾಡಬಹುದು."

"ಹಾಗಾದ್ರೆ ಹೊಲೀಬಹುದು," ಎಂದು ಅವಳು ಎದ್ದಳು. ಮೆಟ್ಟಿಲಿಳಿಯುವಾಗ ಒಂದೊಂದೇ ಹೆಜ್ಜೆಯನ್ನು ನೋಡುತ್ತ ಗಂಡನಿಗೆ ಹೇಳಿದಳು: "ಯಾರಿಗೂ ಬಾಯಿ ಬಿಡಬೇಡಿ. ಕೈ ಎಲ್ಲಿದೆ ಅಂತ ಹುಡುಕೋ ಟೈಲರಿಗೆ ಯಾರು ಬಟ್ಟೆ ಕೊಡ್ತಾರೆ? ತಮ್ಮನಿಗಂತೂ ಬೇಡವೇ ಬೇಡ. ಓಡಿ ಬಂದು ಮೆಷಿನ್ನನ್ನೇ ಎತ್ಕೊಂಡು ಹೋಗ್ತಾನೆ."

* * *

"ಮಗು ನಕ್ರೆ ಯಾರಾದ್ರೂ ಅದರ ಮುಖ ನೋಡ್ತಾರೆ," ಎಂದರು ಭಾವ. "ಕಣ್ಣು ಕೈ ಬಿಟ್ಟು ಆಚೆ ಹೋದ್ರೆ ಬೀಳಿಸಿಬಿಡ್ತೀನಿ ಅಂತ ಅವಳಿಗೆ ಹೆದರಿಕೆ."

ತಮ್ಮ ಕಿಟಕಿಯ ಸರಳು ಹಿಡಿದ, ಬಿಟ್ಟ, ಮತ್ತೆ ಹಿಡಿದ. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ... ಒಂದ್ಸಲಾನೂ ಎತ್ಕೊಳ್ಳದೆ ಹೋದ್ಲು."

"ಎತ್ಕೊಂಡಿದ್ರು," ಎಂದಳು ಹೆಂಡತಿ.

ಅವನು ತಿರುಗಿದ.

"ಮುಂದಿನ ತಿಂಗಳೇ ನಾನು ಕರ್ಕೊಂಡು ಬಂದಿದ್ದೆ. ನಿಮಗೆ ಹೇಳೋ ಹಾಗಿರಲಿಲ್ಲ. ಈ ಮನೆ ಸುದ್ದಿ ಎತ್ತಿದ್ರೆ ಉರಿದುಬೀಳ್ತಿದ್ರಿ. ಅತ್ತಿಗೆ ಹಾಸಿಗೆ ಹಾಸಿ ನೆಲದ ಮೇಲೆ ಕೂತ್ಕೊಂಡ್ರು. ಒಂದು ಗಂಟೆ ಮಗುನ ತೊಡೆ ಮೇಲಿಟ್ಕೊಂಡಿದ್ರು. ಅಷ್ಟು ಹೊತ್ತೂ ಕಣ್ಣು ತಮ್ಮ ಎರಡು ಕೈ ಮೇಲೇ. ಅತ್ತಿಗೆ, ನಗ್ತಾ ಇದಾಳೆ ನೋಡಿ ಅಂದೆ." ಅವಳು ಮಗಳ ಹೆಗಲ ಮೇಲೆ ಕೈಯಿಟ್ಟಳು. "ನೀನೇ ನೋಡಿ ಹೇಳು, ಹೇಗೆ ನಗ್ತಾಳೆ ಅಂದ್ರು. ನಾನು ಹೇಳ್ತಾ ಹೋದೆ."

ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

ನಾಲ್ವರು ಸ್ಟ್ರೆಚರ್ ಎತ್ತಿದರು. ತಲೆಯ ಕಡೆ ತಮ್ಮ. ಬಾಗಿಲು ಕಿರಿದು, ಓರೆ ಮಾಡುವಾಗ ಅಕ್ಕನ ಬಲಗೈ ಹೊದಿಕೆಯಿಂದ ಜಾರಿ ಹೊರಗೆ ತೂಗಿತು. ಹೆಬ್ಬೆರಳ ತುಂಬ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಹಿಡಿಕೆ ಬಿಡುವಂತಿಲ್ಲದೆ ಅವನು ಒದ್ದಾಡಿದ.

ಮಗಳು ಜನರ ನಡುವೆ ನುಸುಳಿ ಬಂದಳು. ಎರಡೂ ಕೈಯಲ್ಲಿ ಅತ್ತೆಯ ಕೈಯನ್ನು ಎತ್ತಿ ಎದೆಯ ಮೇಲಿಟ್ಟಳು. ಸ್ಟ್ರೆಚರಿನ ಪಕ್ಕದಲ್ಲೇ ನಡೆಯುತ್ತ, ವ್ಯಾನಿನವರೆಗೂ ತನ್ನ ಅಂಗೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.