ಆಚೆ ದಂಡೆಯ ಕೂಗು

ಆಚೆ ದಂಡೆಯಿಂದ ಯಾರಾದರೂ ‘ಓ’ ಎಂದು ಕೂಗಿದರೆ ಹಿಡಿದ ಕೆಲಸ ಬಿಟ್ಟು ಹರಿಗೋಲು ತಳ್ಳಬೇಕು. ಹೊಳೆ ದಾಟಿಸುವ ಓಬಳೆಪ್ಪನ ಮನೆತನದಲ್ಲಿ ಈ ಮಾತಿಗೆ ಎದುರಿರಲಿಲ್ಲ.

ಆದರೆ ಎರಡು ವರ್ಷದಿಂದ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಬಂಡೆಗಳನ್ನು ಸಿಡಿಸಿದರು. ಬದನೆ ಬೆಳೆಯುತ್ತಿದ್ದ ಮರಳಿನಲ್ಲಿ ತಗಡಿನ ಶೆಡ್ಡು, ಚಹಾದಂಗಡಿ, ತೆಲುಗು ಕೂಲಿಗಳ ಗುಡಿಸಲು ಎದ್ದು, ಹೊಳೆದಂಡೆಯೇ ಊರಿಗಿಂತ ದೊಡ್ಡ ಊರಾಯಿತು. ಕಲ್ಲು ಪುಡಿ ಮಾಡುವ ಯಂತ್ರವೊಂದು ದಿನವಿಡೀ ಹಲ್ಲು ಕಡಿಯುತ್ತಿತ್ತು. ಅದರ ಮುಂದೆ ಮನುಷ್ಯರ ಕೂಗು ಯಾವ ಲೆಕ್ಕ? ಸಾಮಾನು ಸಾಗಿಸಲೆಂದು ಕಟ್ಟಿದ ಸೇತುವೆಯ ಮೇಲೆ ಈಗ ಜನರನ್ನೂ ಬಿಡುತ್ತಿದ್ದರು. ಓಬಳೆಪ್ಪ ಅದರತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಡಿದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದಲ್ಲ.

ಇವತ್ತು ಮಗಳು ಯಮನೂರಮ್ಮ ಚೊಚ್ಚಲ ಹೆರಿಗೆಗೆ ಆಚೆ ದಂಡೆಯ ಗಂಡನ ಮನೆಯಿಂದ ಬರುವವಳಿದ್ದಳು. ತುಂಬಿದ ಬಸುರಿ ಬಿಸಿಲಲ್ಲಿ ನಿಂತು ಕೂಗಿ, ಅಪ್ಪನಿಗೆ ಕೇಳದೇ ಹೋದರೆ? ಯಂತ್ರ ಕಿರುಗುಟ್ಟಿದರೂ ಅವಳೇ ಅನ್ನಿಸಿ ಹುಟ್ಟು ಹಾಕಿದ. ಆಚೆ ಯಾರೂ ಇಲ್ಲ. ತಿರುಗಿ ಬಂದ. ಮತ್ತೆ ಕೂಗಿದಂತಾಯಿತು, ಮತ್ತೆ ಹೋದ.

“ಆಚೀ ದಂಡ್ಯಾಗ ಕುಂತ ದಾರಿ ಕಾಯಬಾರದೇನು?” ಎಂದ ಚಹಾದಂಗಡಿಯ ಫಕ್ರುದ್ದೀನ.

“ಈ ದಂಡ್ಯಾಗ ಯಾರರ ಕರದ್ರ?”

ಫಕ್ರುದ್ದೀನ ಚಹಾ ಸೋಸಿದ.

ಹೊತ್ತು ಇಳಿದಾಗ ರಟ್ಟೆ ಸೋತು ಮನೆಗೆ ಬಂದರೆ, ಯಮನೂರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತಿದ್ದಳು.

“ಯಾವಾಗ ಬಂದಿ ನನ್ನವ್ವ?”

“ಮಧ್ಯಾಹ್ನನ ಬಂದೆ. ಕೂಗಿ ಕೂಗಿ ಗಂಟಲ ಒಣಗಿತು, ಅಪ್ಪಾ. ಸೇತುವಿ ಮ್ಯಾಲ ನಡಕೊಂಡು ಬಂದೆ. ಸಿಟ್ಟಾಗಬ್ಯಾಡ.”

ಮಗಳು ಬಂದಳೆಂದು ಹೇಳಲು ಹೆಂಡತಿ ಗಾಳೆಮ್ಮ ದಂಡೆಗೆ ಬಂದು ಹೊಳೆಯ ನಡುವಿದ್ದ ಅವನನ್ನು ಕರೆದಿದ್ದಳಂತೆ. ಅದೂ ಕೇಳಿಸಿರಲಿಲ್ಲ. ಸಿಟ್ಟೆಲ್ಲಿಂದ ಬರಬೇಕು? ಮಗಳು ಸುಖವಾಗಿ ಬಂದಳೆಂದು ಕಣ್ಣು ತುಂಬಿತು, ತನ್ನ ಹರಿಗೋಲಿಲ್ಲದೆ ಬಂದಳೆಂದು ನಾಚಿಕೆಯೂ ಆಯಿತು. ಅವಳ ತಲೆ ಸವರಿದ, ನೀರು ಕುಡಿದ, ಕೂತ. ಕೂಡಲು ಆಗಲಿಲ್ಲ. ಮೂಲೆಗಿಟ್ಟಿದ್ದ ಹುಟ್ಟು ಎತ್ತಿಕೊಂಡ.

“ಎಲ್ಲಿಗಪ್ಪಾ?”

“ಯಾರೋ ಕರದಂಗಾತು.”

“ನಾ ಬಂದೀನಲ್ಲಪ್ಪಾ,” ಎಂದು ಮಗಳು ನಕ್ಕಳು. “ಇನ್ನ ಯಾರು ಬರೋರದಾರ?”

ಓಬಳೆಪ್ಪ ಹೊಸ್ತಿಲಲ್ಲಿ ನಿಂತು ಯೋಚಿಸಿ ನೋಡಿದ. ಒಂದು ಹೆಸರೂ ನೆನಪಿಗೆ ಬರಲಿಲ್ಲ.